ಬಾಳೆಹೊನ್ನೂರಿನ ಕಾಫಿ ತಳಿಗೆ ಉಲ್ಲೇಖಗಳ ಲೆಕ್ಕದಲ್ಲಿ ಜಾಗವೆಷ್ಟು?

ಚಿಕ್ಕಮಗಳೂರಿನ ಅರೇಬಿಕಾ ಬೆಳೆಗಾರರಲ್ಲಿ ಎಸ್.795 ತಳಿಯನ್ನು ತಿಳಿಯದವರಿಲ್ಲ. ಕಾಫಿಯ ಜೀನೋಮ್, ಅಂದರೆ ಗಿಡದ ಪೂರ್ತಿ ಡಿಎನ್‌ಎ, ಓದಿದ ವಿಜ್ಞಾನಿಗಳ ಪ್ರಬಂಧಗಳು ಜಗತ್ತಿನಾದ್ಯಂತ ಇತರರ ಪ್ರಬಂಧಗಳಲ್ಲಿ ಉಲ್ಲೇಖಗೊಳ್ಳುತ್ತಿವೆ. ಆ ಉಲ್ಲೇಖಗಳನ್ನು ಎಣಿಸಿ ವಿಜ್ಞಾನಿಗಳನ್ನು ಅಳೆಯುವುದೂ ರೂಢಿಯಾಗಿದೆ. ಮೂರು ದಶಕ ಗಿಡ ಸಾಕಿ ತಳಿ ಕಟ್ಟುವವರ ದುಡಿಮೆ ಮಾತ್ರ ಆ ಎಣಿಕೆಗೆ ಸಿಗುವುದು ತೀರಾ ಕಡಿಮೆ. ಈ ಅಂತರ ಹೇಗೆ ಬೆಳೆಯಿತು ಎಂದು ತಿಳಿಯಲು ಎಲೆ ತುಕ್ಕು ರೋಗದಿಂದಲೇ ಆರಂಭಿಸಬೇಕು.

ರೋಗ ತಗುಲಿದ ಎಲೆಯನ್ನು ಮಗುಚಿ ನೋಡಿದರೆ ಅಡಿಭಾಗದಲ್ಲಿ ಕಿತ್ತಳೆ ಬಣ್ಣದ ಪುಡಿ ಕಾಣುತ್ತದೆ. ಮುಟ್ಟಿದರೆ ಬೆರಳಿಗೆ ಅಂಟುತ್ತದೆ. ಅದು ಹೆಮಿಲಿಯಾ ವಾಸ್ಟಾಟ್ರಿಕ್ಸ್ ಎಂಬ ಶಿಲೀಂಧ್ರದ ಬೀಜಕಣಗಳ ರಾಶಿ. 1869ರಲ್ಲಿ ಸಿಲೋನಿನಲ್ಲಿ ಪತ್ತೆಯಾದ ಈ ರೋಗ ಅಲ್ಲಿನ ಕಾಫಿ ಉದ್ಯಮವನ್ನೇ ಮುಗಿಸಿತು. ಅಲ್ಲಿ ಟೀ ನೆಲೆಯೂರಿದ್ದು ಆ ಬಳಿಕ. ಮೈಸೂರು ಸಂಸ್ಥಾನದ ತೋಟಗಳನ್ನೂ ತುಕ್ಕು ಬಿಡಲಿಲ್ಲ. ಕೆಂಟ್ ಎಂಬ ಪ್ಲಾಂಟರ್ ಆರಿಸಿದ ಗಿಡಗಳು ಕೆಲಕಾಲ ತಡೆದುಕೊಂಡವು, ಆಮೇಲೆ ಅವೂ ಸೋತವು.

1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗ ಕೇಂದ್ರ ಆರಂಭವಾಯಿತು. ಅಲ್ಲಿದ್ದ ವಿಜ್ಞಾನಿ ಡಬ್ಲ್ಯು. ವಿಲ್ಸನ್ ಮೇಯ್ನ್, ಒಂದು ಕಡೆಯ ತುಕ್ಕಿಗೆ ಬಗ್ಗದ ಗಿಡ ಇನ್ನೊಂದು ಕಡೆಯ ತುಕ್ಕಿಗೆ ಬಗ್ಗುವುದನ್ನು ಗಮನಿಸಿದರು. ಒಂದೇ ಶಿಲೀಂಧ್ರದಲ್ಲಿ ಬೇರೆ ಬೇರೆ ಬಗೆಗಳಿವೆ ಎಂದು 1932ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಕೆಂಟ್ ಗಿಡ ಸೋತದ್ದೇಕೆ ಎಂಬುದಕ್ಕೆ ಅಲ್ಲಿ ಉತ್ತರವಿತ್ತು. ಮಲೆನಾಡಿನ ಒಂದು ಊರಿನಲ್ಲಿ ಕುಳಿತು ಮಾಡಿದ ಈ ಕೆಲಸಕ್ಕೆ ಸಲ್ಲಬೇಕಾದ ಗೌರವ ಇಂದಿಗೂ ಪೂರ್ತಿ ಸಂದಿಲ್ಲ ಎಂಬುದು ನನ್ನ ಅನಿಸಿಕೆ.

ಅಲ್ಲಿಂದ ಮುಂದೆ ತುಕ್ಕು ತಡೆಯುವ ತಳಿ ಕಟ್ಟುವ ಕೆಲಸ. ಅರೇಬಿಕಾ ಮತ್ತು ಲೈಬೀರಿಕಾ ಎಂಬ ಎರಡು ಕಾಫಿ ಜಾತಿಗಳು ತಾವಾಗಿಯೇ ಕೂಡಿ ಹುಟ್ಟಿದ ಗಿಡವೊಂದರ ಸಂತತಿಯಿಂದ ಎಸ್.288 ಬಂತು. ಅದನ್ನು ಕೆಂಟ್ ಜೊತೆ ಸಂಕರ ಮಾಡಿ ಪಡೆದದ್ದೇ ಎಸ್.795. 1940ರ ದಶಕದಲ್ಲಿ ಬೆಳೆಗಾರರ ಕೈಸೇರಿದ ಈ ತಳಿ ಇಂಡೋನೇಷ್ಯಾಕ್ಕೂ ಹೋಗಿ ‘ಜೆಂಬರ್’ ಎಂಬ ಹೆಸರು ಪಡೆಯಿತು. ಕಾಫಿ ಗಿಡ ಫಸಲಿಗೆ ಬರಲು ಮೂರು ನಾಲ್ಕು ವರ್ಷ ಬೇಕು. ಐದಾರು ತಲೆಮಾರು ಆರಿಸಿ ನಿಲ್ಲಿಸುವಷ್ಟರಲ್ಲಿ ಒಬ್ಬ ವಿಜ್ಞಾನಿಯ ಸೇವಾವಧಿಯೇ ಮುಗಿಯುತ್ತದೆ. ಆ ಶ್ರಮದ ದಾಖಲೆ ಹೆಚ್ಚಾಗಿ ಉಳಿದಿರುವುದು ಕೇಂದ್ರದ ವಾರ್ಷಿಕ ವರದಿಗಳಲ್ಲಿ, ಬುಲೆಟಿನ್‌ಗಳಲ್ಲಿ.

ಇದೇ ಹೊತ್ತಿಗೆ ಬೇರೊಂದು ಕಡೆ ವಿಜ್ಞಾನವನ್ನು ಅಳೆಯುವ ಪದ್ಧತಿ ರೂಪುಗೊಳ್ಳುತ್ತಿತ್ತು. ಯಾವ ಪ್ರಬಂಧವನ್ನು ಯಾರು ಉಲ್ಲೇಖಿಸಿದ್ದಾರೆ ಎಂಬ ಸೂಚಿ ಬೇಕೆಂದು ಅಮೆರಿಕದ ಮಾಹಿತಿ ತಜ್ಞ ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ಸೂಚಿಸಿದರು. 1964ರಲ್ಲಿ ಅದು ಪ್ರಕಟವೂ ಆಯಿತು. ಸಂಬಂಧಪಟ್ಟ ಬರಹಗಳನ್ನು ಹುಡುಕಲು ನೆರವಾಗುವುದು ಅದರ ಮೊದಲ ಉದ್ದೇಶವಾಗಿತ್ತು. 2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಷ್, ಒಬ್ಬ ವಿಜ್ಞಾನಿಯ ಪ್ರಬಂಧಗಳನ್ನೂ ಅವುಗಳ ಉಲ್ಲೇಖಗಳನ್ನೂ ಒಂದೇ ಅಂಕಿಯಲ್ಲಿ ಅಳೆಯುವ ಎಚ್-ಸೂಚ್ಯಂಕ ತಂದರು. ತಲಾ ಕನಿಷ್ಠ 20 ಉಲ್ಲೇಖ ಪಡೆದ 20 ಪ್ರಬಂಧಗಳಿದ್ದರೆ ಸೂಚ್ಯಂಕ 20. ಇನ್ನೂ ಒಂದು ಪ್ರಬಂಧಕ್ಕೆ ಸಾವಿರ ಉಲ್ಲೇಖ ಬಂದರೂ ಅದು 21 ದಾಟುವುದಿಲ್ಲ, ಅದಕ್ಕೂ ಉಳಿದ 20 ಪ್ರಬಂಧಗಳಿಗೆ ತಲಾ 21 ಉಲ್ಲೇಖ ಬೇಕು. ತೋಟದಲ್ಲಿ ನಿಂತಿರುವ ಎಸ್.795ಗೆ ಈ ಲೆಕ್ಕದಲ್ಲಿ ಸೊನ್ನೆ. ಸಸಿ ನೆಡುವ ಬೆಳೆಗಾರ ಯಾವ ಪ್ರಬಂಧವನ್ನೂ ಉಲ್ಲೇಖಿಸುವುದಿಲ್ಲ.

ಜೀನೋಮ್ ವಿಜ್ಞಾನಕ್ಕೆ ಈ ಲೆಕ್ಕ ಒಲಿಯಲು ಕಾರಣವಿದೆ. 2014ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ರೊಬಸ್ಟಾ ಜೀನೋಮ್ ಪ್ರಕಟವಾಯಿತು. ಹಲವು ದೇಶಗಳ ಹತ್ತಾರು ಲೇಖಕರಿದ್ದ ಆ ಪ್ರಬಂಧದಲ್ಲಿ ನಮ್ಮ ಕಾಫಿ ಮಂಡಳಿಯ ಹೆಸರೂ ಇತ್ತು. ಕಾಫಿ ಮತ್ತು ಟೀ ಗಿಡಗಳು ಕೆಫೀನ್ ತಯಾರಿಸುವ ಶಕ್ತಿಯನ್ನು ಬೇರೆ ಬೇರೆಯಾಗಿ ಗಳಿಸಿಕೊಂಡವು ಎಂದು ಅದು ತೋರಿಸಿತು. ಕಾಫಿಯ ಯಾವುದೇ ಜೀನ್ ಹುಡುಕುವವರು ಈಗ ಅಲ್ಲಿಂದಲೇ ಹೊರಡಬೇಕು, ಆದ್ದರಿಂದ ಉಲ್ಲೇಖಿಸಲೇಬೇಕು. 2024ರಲ್ಲಿ ಅರೇಬಿಕಾದ ಜೀನೋಮೂ ಸವಿವರವಾಗಿ ಬಂತು. ಇವು ದೊಡ್ಡ ಸಾಧನೆಗಳೇ, ಅನುಮಾನವಿಲ್ಲ. ನನ್ನ ತಕರಾರು ಒಂದೇ ಅಳತೆಗೋಲಿನಿಂದ ಇಬ್ಬರನ್ನೂ ಅಳೆಯುವುದರ ಬಗ್ಗೆ. ಆ ತಕರಾರು ನನ್ನೊಬ್ಬನದಲ್ಲ: ಪ್ರಬಂಧ ಪ್ರಕಟವಾದ ಪತ್ರಿಕೆಯ ಉಲ್ಲೇಖಗಳ ಅಂಕಿಯಿಂದ (ಇಂಪ್ಯಾಕ್ಟ್ ಫ್ಯಾಕ್ಟರ್) ಸಂಶೋಧಕರನ್ನು ತೂಗಬಾರದೆಂದು 2012ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ವಿಜ್ಞಾನ ಪತ್ರಿಕೆಗಳ ಸಂಪಾದಕರು, ಪ್ರಕಾಶಕರೇ ಸೇರಿ ಘೋಷಣೆ ರೂಪಿಸಿದರು.

ಎರಡು ದಾರಿಗಳೂ ಕೂಡಿದ್ದು ಲೈಬೀರಿಕಾದಿಂದ ಬಂದ ಎಸ್‌ಎಚ್3 ಎಂಬ ನಿರೋಧಕ ಜೀನ್‌ನಲ್ಲಿ. ಎಸ್.288ರ ಸಂತತಿಯ ಗಿಡಗಳಲ್ಲಿ ಅದರ ಡಿಎನ್‌ಎ ಗುರುತುಗಳನ್ನು ಭಾರತ, ಪೋರ್ಚುಗಲ್ ಮತ್ತು ಫ್ರಾನ್ಸಿನ ಸಂಶೋಧಕರು ಸೇರಿ 2004ರಲ್ಲಿ ಪ್ರಕಟಿಸಿದರು. ಅಂಥ ಗುರುತುಗಳಿದ್ದರೆ, ರೋಗ ಬರಲೆಂದು ವರ್ಷಗಟ್ಟಲೆ ಕಾಯದೆ, ಪಾತಿಯಲ್ಲಿರುವ ಸಸಿಯ ಒಂದೆಲೆಯಿಂದಲೇ ಆ ಜೀನ್ ಇದೆಯೇ ಎಂದು ಪರೀಕ್ಷಿಸಬಹುದು. ದಶಕಗಳ ಕಾಲ ಗಿಡಗಳನ್ನು ಉಳಿಸಿಕೊಂಡು ಬಂದವರಿಲ್ಲದಿದ್ದರೆ ಆ ಪ್ರಬಂಧಕ್ಕೆ ಡಿಎನ್‌ಎ ತೆಗೆಯಲು ಗಿಡವೇ ಇರುತ್ತಿರಲಿಲ್ಲ. ಬಡ್ತಿ ಮತ್ತು ಅನುದಾನ ನಿರ್ಧರಿಸುವ ಸಮಿತಿಗಳು ಉಲ್ಲೇಖಗಳ ಜೊತೆಗೆ ತಳಿ ಹರಡಿರುವ ಎಕರೆಗಳನ್ನೂ, ಉಳಿಸಿಕೊಂಡ ತಳಿಸಂಗ್ರಹವನ್ನೂ ಕೇಳಿ ಬರೆದುಕೊಳ್ಳಬೇಕು.