ಹದಿನಾರಕ್ಕೆ ಇಟ್ಟರೆ ಬೇಗ ತಂಪಾಗುವುದಿಲ್ಲ, ಮಾರಾಯ್ರೆ

ಏಪ್ರಿಲ್ ಬಂತೆಂದರೆ ನನ್ನ ಫೋನು ಸುಮ್ಮನಿರುವುದಿಲ್ಲ. ಕರೆ ಮಾಡುವವರೆಲ್ಲರ ದೂರು ಒಂದೇ: "ಎಸಿ ಹದಿನಾರಕ್ಕೆ ಇಟ್ಟು ಅರ್ಧ ಗಂಟೆಯಾಯಿತು, ರೂಮು ತಂಪೇ ಆಗುತ್ತಿಲ್ಲ." ಹದಿನಾರಕ್ಕೆ ಯಾಕಿಟ್ಟಿರಿ ಎಂದು ಕೇಳಿದರೆ ಉತ್ತರವೂ ಒಂದೇ: "ಬೇಗ ತಂಪಾಗಲಿ ಅಂತ. ಆಮೇಲೆ ಇಪ್ಪತ್ತನಾಲ್ಕಕ್ಕೆ ತರುತ್ತೇನೆ." ಆಮೇಲೆ ಯಾರೂ ತರುವುದಿಲ್ಲ. ನಿದ್ದೆ ಬಂದುಬಿಡುತ್ತದೆ. ನಡುರಾತ್ರಿ ಚಳಿಗೆ ಎಚ್ಚರವಾಗಿ ರಗ್ಗು ಎಳೆದುಕೊಳ್ಳುತ್ತಾರೆ. ಮೇ ತಿಂಗಳಲ್ಲಿ, ಮುಂಬಯಿಯಲ್ಲಿ, ರಗ್ಗು!

ಕಟ್ಟಡಗಳಿಗೆ ಎಸಿ ಲೆಕ್ಕ ಹಾಕಿಕೊಡುವುದೇ ನನ್ನ ಕಸುಬು. ಓದದವರು ಹೀಗೆ ಮಾಡಿದರೆ ನನಗೇನೂ ಅನಿಸುವುದಿಲ್ಲ. ಆದರೆ ಭಾನುವಾರ ಬೆಳಿಗ್ಗೆ ಮಾಟುಂಗದ ಉಡುಪಿ ಹೋಟೆಲಿನಲ್ಲಿ ಸೇರುವ ನಮ್ಮ ತಂಡವನ್ನು ನೋಡಬೇಕು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದ ಮಾಸ್ಟ್ರು, ಬಣ್ಣದ ಕಾರ್ಖಾನೆಯ ಕೆಮಿಸ್ಟು, ಮುಲುಂಡಿನ ಡಾಕ್ಟ್ರು, ಪರೇಲಿನ ಗಿರಣಿಯಲ್ಲಿ ನೂಲುವ ಖಾತೆ ನೋಡಿಕೊಳ್ಳುತ್ತಿದ್ದ ಶೆಟ್ರು. ರಸವಡೆ ತಣ್ಣಗಾಗುವುದು ಬಟ್ಟಲಲ್ಲಿ ಬೇಗವೋ ತಟ್ಟೆಯಲ್ಲಿ ಬೇಗವೋ ಎಂದು ಮುಕ್ಕಾಲು ಗಂಟೆ ವಾದ ಮಾಡಬಲ್ಲವರು. ನಾಲ್ವರ ಮನೆಯಲ್ಲೂ ರಿಮೋಟು ಹದಿನಾರು ತೋರಿಸುತ್ತದೆ.

ಎಸಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಫ್ರಿಜ್ ಇಟ್ಟುಕೊಂಡವರಿಗೆ ಅಷ್ಟು ಗೊತ್ತಿರುತ್ತದೆ. ಒಂದೇ ಒಂದು ವಿಷಯ ಹೇಳಬೇಕು. ರಿಮೋಟಿನ ಸಂಖ್ಯೆ ಎಸಿಗೆ ಹೇಳುವುದು ಎಲ್ಲಿ ನಿಲ್ಲಬೇಕು ಎಂಬುದನ್ನು ಮಾತ್ರ. ಎಷ್ಟು ಜೋರಾಗಿ ಹೋಗಬೇಕು ಎಂಬುದನ್ನಲ್ಲ. ಹಳೆಯ ನಮೂನೆಯ ಎಸಿಯ ಕಂಪ್ರೆಸರಿಗೆ (ಕೊಳವೆಯೊಳಗಿನ ಗ್ಯಾಸನ್ನು ಒತ್ತಿ ಸುತ್ತಿಸುವ ಪಂಪಿಗೆ) ಗೊತ್ತಿರುವ ಕೆಲಸ ಎರಡೇ, ಓಡುವುದು ಮತ್ತು ನಿಲ್ಲುವುದು. ಕೋಣೆ 33 ಡಿಗ್ರಿ ಇದ್ದಾಗ ನೀವು 24ಕ್ಕೆ ಇಟ್ಟರೂ ಅದು ಪೂರ್ತಿ ಓಡುತ್ತದೆ, 16ಕ್ಕೆ ಇಟ್ಟರೂ ಪೂರ್ತಿ ಓಡುತ್ತದೆ. ಒಳಗಿನ ಕಾಯಿಲ್, ಅಂದರೆ ಗಾಳಿಯನ್ನು ತಂಪು ಮಾಡುವ ಕೊಳವೆಯ ಸುರುಳಿ, ಎರಡೂ ಸಲ ಅಷ್ಟೇ ತಣ್ಣಗಿರುತ್ತದೆ. ನಂಬಿಕೆ ಬಾರದಿದ್ದರೆ ಗಾಳಿ ಬರುವ ಬಾಯಿಗೆ ಒಂದು ಥರ್ಮಾಮೀಟರ್ ಹಿಡಿದು, ಎರಡು ರೀತಿಯಲ್ಲೂ ಹತ್ತು ನಿಮಿಷ ನೋಡಿ.

"ಅಂಧೇರಿಯಲ್ಲಿ ಇಳಿಯುವವರು ಅದರಾಚೆಯ ಬೊರಿವಲಿಗೆ ಟಿಕೇಟು ತೆಗೆದರೆ ಅಂಧೇರಿ ಬೇಗ ಬರುತ್ತದೆಯೇ?" ಎಂದು ಮಾಸ್ಟ್ರನ್ನು ಕೇಳಿದೆ.

"ಬೊರಿವಲಿ ಗಾಡಿ ಫಾಸ್ಟ್ ಆದರೆ ಬರುತ್ತದಲ್ಲ!" ಎಂದರು. ಮೇಜಿನ ಸುತ್ತ ನಗು. ನನಗೂ ನಗು ಬಂತು, ಯಾಕೆಂದರೆ ಅವರ ಮಾತಿನಲ್ಲಿ ಒಂದಿಷ್ಟು ಹುರುಳಿದೆ. ಈಗ ಮಾರಾಟವಾಗುವ ಇನ್ವರ್ಟರ್ ಎಸಿಗಳಲ್ಲಿ ಕಂಪ್ರೆಸರ್ ವೇಗ ಬದಲಿಸುತ್ತದೆ. ನಾವು ಕೇಳಿದ ತಂಪಿಗೂ ಕೋಣೆಯ ಬಿಸಿಗೂ ಅಂತರ ಹೆಚ್ಚಿದ್ದರೆ ಜೋರಾಗಿ, ಹತ್ತಿರ ಬಂದಂತೆ ನಿಧಾನವಾಗಿ. ಹಾಗಾಗಿ ಗುರಿಯ ಹತ್ತಿರ ಬರುವಾಗ, ಕೊನೆಯ ಒಂದೆರಡು ಡಿಗ್ರಿಯಲ್ಲಿ, ಹದಿನಾರಕ್ಕೆ ಇಟ್ಟ ಯಂತ್ರ ಸ್ವಲ್ಪ ಚುರುಕಾಗಿರಬಹುದು. ಕಂಪನಿಗೊಂದು, ಮಾಡೆಲ್ಲಿಗೊಂದು ವ್ಯವಸ್ಥೆ ಇರುವುದರಿಂದ ಎಲ್ಲದಕ್ಕೂ ಸೇರಿಸಿ ನಾನು ಪ್ರಮಾಣ ಮಾಡಲಾರೆ. ಆದರೆ ಸೆಕೆಯಲ್ಲಿ ಬೆಂದು ಮನೆಗೆ ಬಂದು ಸ್ವಿಚ್ಚು ಒತ್ತಿದ ಆ ಮೊದಲ ಹೊತ್ತಿನಲ್ಲಿ, 33ಕ್ಕೂ 24ಕ್ಕೂ ಇರುವ ಒಂಬತ್ತು ಡಿಗ್ರಿ ಅಂತರವೇ ಸಾಕು, ಇನ್ವರ್ಟರ್ ತನ್ನ ಶಕ್ತಿಯೆಲ್ಲ ಹಾಕಿಯೇ ಓಡುತ್ತಿರುತ್ತದೆ. ಇನ್ನೂ ಎಂಟು ಡಿಗ್ರಿ ಸೇರಿಸಿದರೆ ಅದಕ್ಕೆ ಹೊಸ ಕಾಲು ಮೂಡುವುದಿಲ್ಲ.

ಹಾಗಾದರೆ ತಂಪಾಗಲು ಅಷ್ಟು ಹೊತ್ತು ಯಾಕೆ? ಈ ಪ್ರಶ್ನೆಗೆ ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಹಾಕಿ ತೋರಿಸಿದೆ. ನಿಮಗೂ ತೋರಿಸುತ್ತೇನೆ. ಅಂದಾಜಿನ ಲೆಕ್ಕ, ದಶಾಂಶಕ್ಕೆ ನನ್ನನ್ನು ಹಿಡಿಯಬೇಡಿ.

ಹತ್ತು ಅಡಿ, ಹನ್ನೆರಡು ಅಡಿಯ ಮಲಗುವ ಕೋಣೆ. ಒಳಗಿರುವ ಗಾಳಿ ಸುಮಾರು 37 ಕಿಲೋ. ಗಾಳಿಗೂ ತೂಕವಿದೆ ಎಂದು ಒಂಬತ್ತನೇ ಕ್ಲಾಸಿನಲ್ಲಿ ಓದಿ ಮರೆತಿರುತ್ತೇವೆ. ಇಷ್ಟು ಗಾಳಿಯನ್ನು 33ರಿಂದ 24ಕ್ಕೆ ಇಳಿಸಲು ತೆಗೆಯಬೇಕಾದ ಶಾಖ ಸುಮಾರು 335 ಕಿಲೋಜೂಲ್. ಒಂದು ಟನ್ನಿನ ಎಸಿ ಸೆಕೆಂಡಿಗೆ ಮೂರೂವರೆ ಕಿಲೋಜೂಲ್ ಹೊರಹಾಕುತ್ತದೆ. (ಟನ್ ಅಂದರೆ ಯಂತ್ರದ ತೂಕವಲ್ಲ. ಸುಮಾರು 900 ಕಿಲೋ ಮಂಜುಗಡ್ಡೆ ಒಂದು ದಿನದಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅಷ್ಟನ್ನು ದಿನಕ್ಕೆ ಹೊರಗೆ ಸಾಗಿಸುವ ಯಂತ್ರ. ಎಸಿ ಇಲ್ಲದ ಕಾಲದಲ್ಲಿ ತಂಪನ್ನು ಮಂಜುಗಡ್ಡೆಯಲ್ಲೇ ಅಳೆಯುತ್ತಿದ್ದರು. 1833ರಲ್ಲಿ ಬಾಸ್ಟನ್ನಿನಿಂದ ಹಡಗಿನಲ್ಲಿ ಕಲ್ಕತ್ತೆಗೆ ಬಂದಿಳಿದ ಮಂಜುಗಡ್ಡೆ ಆಮೇಲೆ ನಮ್ಮ ಮುಂಬಯಿಗೂ ಬಂತು.) ಅಂದರೆ ಬರೀ ಗಾಳಿಯ ಕೆಲಸ ಎರಡು ನಿಮಿಷದೊಳಗೆ ಮುಗಿಯಬೇಕು.

ಆದರೆ ಇದು ಮುಂಬಯಿ. 33 ಡಿಗ್ರಿಯಲ್ಲಿ ಶೇಕಡಾ 70 ಆರ್ದ್ರತೆ ಇದ್ದರೆ, ಅದೇ ಕೋಣೆಯ ಗಾಳಿಯಲ್ಲಿ ಮುಕ್ಕಾಲು ಲೀಟರಿಗೂ ಹೆಚ್ಚು ನೀರು ಆವಿಯಾಗಿ ತೇಲುತ್ತಿರುತ್ತದೆ. ಹಾಯೆನಿಸಬೇಕಾದರೆ ಅದರಲ್ಲಿ ಅರ್ಧವನ್ನಾದರೂ ತೆಗೆಯಬೇಕು. ಆವಿಯನ್ನು ಮರಳಿ ನೀರು ಮಾಡುವುದೆಂದರೆ ಅದರೊಳಗಿನ ಶಾಖವನ್ನೂ ಹೊರಹಾಕಬೇಕು, ಅದು ಹತ್ತಿರ ಹತ್ತಿರ ಸಾವಿರ ಕಿಲೋಜೂಲ್. ಗಾಳಿಯನ್ನು ತಂಪು ಮಾಡುವುದರ ಮೂರು ಪಟ್ಟು! ಬಾಗಿಲ ಸಂದಿಯಿಂದ ಹೊಸ ತೇವ ಬರುತ್ತಲೇ ಇರುವುದು ಬೇರೆ.

ಇಷ್ಟಾದರೂ ಏಳೆಂಟು ನಿಮಿಷದ ಕೆಲಸ. ಉಳಿದದ್ದೆಲ್ಲ ಗೋಡೆ.

ನಿಮ್ಮ ಪಶ್ಚಿಮದ ಗೋಡೆ, ಆರಿಂಚು ದಪ್ಪದ್ದು, ಮೂರು ಸಾವಿರ ಕಿಲೋಗೆ ಹತ್ತಿರ ತೂಗುತ್ತದೆ. ಮಧ್ಯಾಹ್ನವಿಡೀ ಬಿಸಿಲು ಕುಡಿದು ಕೂತಿದೆ. ಅದೊಂದನ್ನೇ ಒಂಬತ್ತು ಡಿಗ್ರಿ ಇಳಿಸಬೇಕೆಂದರೆ 23,000 ಕಿಲೋಜೂಲ್, ಅಂದರೆ ಗಾಳಿಯ ಎಪ್ಪತ್ತು ಪಟ್ಟು. ಎಸಿ ಬೇರೇನೂ ಮಾಡದೆ ಅದೊಂದರ ಹಿಂದೆ ಬಿದ್ದರೂ ಎರಡು ಗಂಟೆಗೆ ಸ್ವಲ್ಪ ಕಮ್ಮಿ. ಇನ್ನು ಮೂರು ಗೋಡೆ ಇವೆ, ಸ್ಲ್ಯಾಬ್ ಇದೆ, ಕಪಾಟಿದೆ, ಹತ್ತಿಯ ಹಾಸಿಗೆ ಇದೆ. ಗೋಡೆಯನ್ನು ಪೂರ್ತಿ ತಂಪು ಮಾಡುವ ಅಗತ್ಯವಿಲ್ಲ, ಒಳಮೈ ತಣಿದರೆ ಸಾಕು. ಹೊರಮೈ ಹೇಗೂ ಬಿಸಿಯಾಗಿಯೇ ಇರುತ್ತದೆ. ಆದರೂ ನೀವು ಕೊಳ್ಳುತ್ತಿರುವುದು ಗಾಳಿಯ ತಂಪಲ್ಲ, ಇಟ್ಟಿಗೆಯ ತಂಪು ಎಂಬುದು ಈ ಲೆಕ್ಕದಿಂದ ಗೊತ್ತಾದೀತು.

ಹದಿನಾರರ ಮರುಳು ಹುಟ್ಟುವುದೇ ಇಲ್ಲಿ. ಹತ್ತು ನಿಮಿಷದಲ್ಲಿ ಗಾಳಿ ಇಪ್ಪತ್ತಾರಕ್ಕೋ ಇಪ್ಪತ್ತೈದಕ್ಕೋ ಬಂದಿರುತ್ತದೆ, ಆದರೆ ಗೋಡೆ ಇನ್ನೂ 33, 34ರಲ್ಲಿ ಕೂತು ನಿಮ್ಮ ಮೈಮೇಲೆ ಶಾಖ ಸೂಸುತ್ತಿರುತ್ತದೆ. ಮೈಗೆ ಸೆಕೆ ಹೋಗಿಲ್ಲವೆನಿಸುತ್ತದೆ. ಆ ಅನಿಸಿಕೆ ಸುಳ್ಳಲ್ಲ. ಎಸಿಗೆ ಬಲ ಸಾಲದು ಎಂದುಕೊಂಡು ನೀವು ರಿಮೋಟು ಒತ್ತುತ್ತೀರಿ. ರಾತ್ರಿ ಎರಡು ಗಂಟೆಗೆ ಗೋಡೆಯೂ ತಣಿದು, ಹೊರಗೂ ಸೆಕೆ ಇಳಿದಾಗ ಇಪ್ಪತ್ತನಾಲ್ಕಕ್ಕೆ ಇಟ್ಟಿದ್ದ ಯಂತ್ರ ನಿಂತು ನಿಂತು ಓಡುತ್ತಿರುತ್ತದೆ. ನಿಮ್ಮದು ಮಾತ್ರ ಎಂದೂ ಮುಟ್ಟಲಾಗದ ಹದಿನಾರರ ಕಡೆಗೆ ಬೆಳಗಿನ ತನಕ ಓಡುತ್ತದೆ. ಆಗ ರಗ್ಗು. ತಿಂಗಳ ಕೊನೆಗೆ ಕರೆಂಟಿನ ಬಿಲ್ಲು ಹಿಡಿದು ಮತ್ತೆ ನನಗೇ ಫೋನು.

ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡಾ 6ರಷ್ಟು ವಿದ್ಯುತ್ ಉಳಿಯುತ್ತದೆ ಎಂದು ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ. ಎಂಟು ಡಿಗ್ರಿಗೆ ಶೇಕಡಾ 48 ಎಂದು ಕೆಮಿಸ್ಟು ಕೂಡಲೇ ಗುಣಿಸಿದರು. ಹಾಗೆ ಗುಣಿಸಬಾರದು, ಮನೆ, ಯಂತ್ರ, ಹವೆ ನೋಡಿಕೊಂಡು ಬದಲಾಗುತ್ತದೆ. 2020ರ ಜನವರಿಯಿಂದ ಸ್ಟಾರ್ ಗುರುತಿನ ಎಸಿಗಳು 24ರಲ್ಲೇ ಶುರುವಾಗಬೇಕೆಂಬ ನಿಯಮವಿದೆ. 2025ರ ಜೂನ್‌ನಲ್ಲಿ ಕೇಂದ್ರ ಇಂಧನ ಸಚಿವರು 20ರಿಂದ 28ರೊಳಗೆ ಮಾತ್ರ ಇಡಲಾಗುವಂತೆ ಮಾಡುವ ಯೋಚನೆಯನ್ನೂ ಹೇಳಿದರು. ಆ ಸುದ್ದಿ ಬಂದ ಭಾನುವಾರ ಡಾಕ್ಟ್ರ ಮುಖ ನೋಡಬೇಕಿತ್ತು. ಪಿಂಚಣಿ ನಿಲ್ಲಿಸಿದವರ ಹಾಗೆ ಕೂತಿದ್ದರು.

ಡಾಕ್ಟ್ರಿಂದ ಒಂದು ಒಳ್ಳೆಯ ವಿಷಯ ಕಲಿತದ್ದುಂಟು. ಸುಮ್ಮನೆ ಕೂತ ಮನುಷ್ಯ ಸುಮಾರು 100 ವಾಟ್ ಶಾಖ ಬಿಡುತ್ತಾನೆ. "ನಿಮ್ಮ ಮನೆಯ ಸತ್ಯನಾರಾಯಣ ಪೂಜೆಗೆ ಹನ್ನೆರಡು ಜನ ಬಂದು ಕೂತರೆ ಒಂದು ಇಸ್ತ್ರಿ ಪೆಟ್ಟಿಗೆ ಹಚ್ಚಿಟ್ಟ ಲೆಕ್ಕ, ಹೋಮದ ಬೆಂಕಿ ಬೇರೆ" ಎಂದರು. ಪೂಜೆಯ ದಿನ ಎಸಿ ಕೈಕೊಟ್ಟಿತೆಂದು ಬಯ್ಯುವವರು ಇದನ್ನು ನೆನಪಿಡಲಿ.

ಶೆಟ್ರು ಕಡಿಮೆ ಮಾತಿನವರು. ಎಸಿಯ ಮೂಲಪುರುಷ ವಿಲ್ಲಿಸ್ ಕ್ಯಾರಿಯರ್ 1902ರಲ್ಲಿ ಬ್ರೂಕ್ಲಿನ್ನಿನ ಒಂದು ಮುದ್ರಣಾಲಯಕ್ಕಾಗಿ ತನ್ನ ವ್ಯವಸ್ಥೆ ರೂಪಿಸಿದ್ದು ಮನುಷ್ಯರ ಸುಖಕ್ಕಲ್ಲ, ತೇವಕ್ಕೆ ಕಾಗದ ಹಿಗ್ಗಿ ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂರುತ್ತಿರಲಿಲ್ಲವೆಂದು ಎಂದು ನಾನು ಹೇಳಿದಾಗ ಮಾತ್ರ ಬಾಯಿಬಿಟ್ಟರು. "ನಮ್ಮಲ್ಲಿ ಉಲ್ಟಾ. ಹವೆ ಒಣಗಿದರೆ ನೂಲು ಕಡಿಯುತ್ತದೆ. ಖಾತೆಯೊಳಗೆ ನೀರು ಸಿಂಪಡಿಸಿ ತೇವ ಏರಿಸುತ್ತಿದ್ದೆವು. ನೂಲಿಗೆ ಸುಖ, ನಮಗೆ ಬೆವರು." ಗಿರಣಿ ಮುಚ್ಚಿ ಎಷ್ಟೋ ವರ್ಷವಾದರೂ ಅವರಿಗೆ ಎಸಿಯ ಗಾಳಿ ಮೈಗೆ ಹಿಡಿಸುವುದಿಲ್ಲ. ಹದಿನಾರು ಇಡುವುದು ಅವರ ಮೊಮ್ಮಗನಂತೆ. ಹಾಗೆಂದು ಹೇಳುತ್ತಾರೆ.

ಕೆಮಿಸ್ಟರ ಮಗ ಪುಣೆಯಲ್ಲಿ ಓದು ಮುಗಿಸಿ ಅಲ್ಲಿನ ನೀರಿನ ಕೂಲರನ್ನು ಟೆಂಪೋದಲ್ಲಿ ಡೊಂಬಿವಲಿಗೆ ತಂದ. "ಅಲ್ಲಿ ಊಟಿಯ ಹಾಗಿತ್ತು, ಇಲ್ಲಿ ಬಚ್ಚಲಮನೆಯ ಹಾಗಾಗಿದೆ" ಎಂದು ಅಪ್ಪನಿಗೆ ದೂರು, ಅಪ್ಪನಿಂದ ನನಗೆ. ಕೂಲರಿನದೇನೂ ತಪ್ಪಿಲ್ಲ. ಪುಣೆಯ ಏಪ್ರಿಲ್ ಮಧ್ಯಾಹ್ನ 38 ಡಿಗ್ರಿ ಇದ್ದು ಆರ್ದ್ರತೆ ಶೇಕಡಾ 20 ಇದ್ದರೆ, ನೀರು ಆರುವುದರಿಂದ ಗಾಳಿ ಹೆಚ್ಚೆಂದರೆ 21ರ ತನಕ ಇಳಿಯಬಹುದು. ಮುಂಬಯಿಯ 33 ಡಿಗ್ರಿ, ಶೇಕಡಾ 70ರಲ್ಲಿ ಎಷ್ಟು ಒದ್ದಾಡಿದರೂ 28ರ ಕೆಳಗೆ ಹೋಗದು, ಜೊತೆಗೆ ಇದ್ದ ತೇವಕ್ಕೆ ಇನ್ನಷ್ಟು ತೇವ. ಪುಣೆಯ ಮಣ್ಣಿನ ಹೂಜಿಯ ನೀರು ಇಲ್ಲಿ ಅಷ್ಟು ತಣ್ಣಗಾಗದಿರುವುದಕ್ಕೂ ಇದೇ ಕಾರಣ.

ಎಸಿಯಿಂದ ತೊಟ್ಟಿಕ್ಕುವ ನೀರಿಗೂ ಒಂದು ಮಾತು. ಈ ಹವೆಯಲ್ಲಿ ಗಂಟೆಗೆ ಒಂದು ಲೀಟರಿನ ಆಸುಪಾಸು ಬರುತ್ತದೆ. ಕೆಳಗಿನ ಮನೆಯವರು ಒಣಹಾಕಿದ ಬಟ್ಟೆಯ ಮೇಲೆ ಅದು ಬಿದ್ದು ಸೊಸೈಟಿಯ ಮೀಟಿಂಗಿನಲ್ಲಿ ಯುದ್ಧವಾಗುತ್ತದೆ. ಪೈಪನ್ನು ಒಳಗೆ ತಿರುಗಿಸಿ ಬಕೇಟಿಗೆ ಬಿಡಿ, ನೆಲ ಒರೆಸಲು ಆಗುತ್ತದೆ. ಅದು ಭಟ್ಟಿ ಇಳಿಸಿದ ನೀರೇ ತಾನೇ ಎಂದು ಕುಡಿಯುವ ಮಾತೆತ್ತಿದವರು ಮಾಸ್ಟ್ರು. ಕಾಯಿಲ್ ಮೇಲೆ ಕೂತ ಧೂಳನ್ನು ಒಮ್ಮೆ ತೋರಿಸಿದ ಮೇಲೆ ಸುಮ್ಮನಾದರು.

ಇವತ್ತು ರಾತ್ರಿ ಮಾಡಬೇಕಾದದ್ದು ಇಷ್ಟು. ಎಸಿಯನ್ನು ಮಲಗುವುದಕ್ಕೆ ಅರ್ಧ ಮುಕ್ಕಾಲು ಗಂಟೆ ಮೊದಲೇ 25ಕ್ಕೋ 26ಕ್ಕೋ ಇಟ್ಟು ಹಾಕಿ, ಗೋಡೆಗೂ ಸ್ವಲ್ಪ ಸಮಯ ಸಿಗಲಿ. ಪಶ್ಚಿಮದ ಕಿಟಕಿಗೆ ಮಧ್ಯಾಹ್ನವೇ ಪರದೆ ಎಳೆಯಿರಿ. ಸೀಲಿಂಗ್ ಫ್ಯಾನನ್ನು ನಿಧಾನವಾಗಿ ತಿರುಗಿಸಿ. ಫ್ಯಾನು ಕೋಣೆಯನ್ನು ತಂಪು ಮಾಡುವುದಿಲ್ಲ, ಬೆವರನ್ನು ಆರಿಸಿ ನಿಮ್ಮನ್ನು ತಂಪು ಮಾಡುತ್ತದೆ, ಹಾಗಾಗಿ ಯಾರೂ ಇಲ್ಲದ ಕೋಣೆಯಲ್ಲಿ ಅದು ತಿರುಗಬೇಕಾಗಿಲ್ಲ. ಜುಲೈಯಲ್ಲಿ ಬಿಸಿ ಕಡಿಮೆ, ಪಸೆ ಹೆಚ್ಚು ಎನಿಸಿದಾಗ ರಿಮೋಟಿನಲ್ಲಿ ಹನಿಯ ಗುರುತಿರುವ ಡ್ರೈ ಮೋಡ್ ಒತ್ತಿ ನೋಡಿ. ಮನೆಯಲ್ಲಿ ಎಳೆಗೂಸೋ ಹಾಸಿಗೆ ಹಿಡಿದ ಹಿರಿಯರೋ ಇದ್ದರೆ ಎಷ್ಟು ಡಿಗ್ರಿ ಎಂದು ನನ್ನನ್ನಲ್ಲ, ಡಾಕ್ಟ್ರನ್ನು ಕೇಳಿ. ನಮ್ಮ ಡಾಕ್ಟ್ರನ್ನು ಬೇಡ, ಅವರು ಹದಿನಾರು ಎನ್ನುತ್ತಾರೆ.

ಇಷ್ಟು ಮಾಡಿಯೂ ತಂಪಾಗದಿದ್ದರೆ ಮೊದಲು ಫಿಲ್ಟರ್ ತೆಗೆದು ನಲ್ಲಿಯ ಕೆಳಗೆ ತೊಳೆಯಿರಿ. ಆಮೇಲೂ ಆಗದಿದ್ದರೆ ಮೆಕ್ಯಾನಿಕ್ ಬರಲಿ. ಅವನು "ಗ್ಯಾಸ್ ಖತಂ ಹೋ ಗಯಾ" ಎನ್ನುತ್ತಾನೆ. ಮುಚ್ಚಿದ ಕೊಳವೆಯೊಳಗೆ ಸುತ್ತುವ ಗ್ಯಾಸ್ ಉರಿದು ಖರ್ಚಾಗುವಂಥದ್ದಲ್ಲ, ಸೋರಿದರೆ ಮಾತ್ರ ಕಡಿಮೆಯಾಗುತ್ತದೆ. ಸೋರಿದ್ದು ಎಲ್ಲಿ ಎಂದು ಕೇಳಿ. ತೋರಿಸಿ, ಮುಚ್ಚಿ, ಆಮೇಲೆ ತುಂಬಿಸಿದರೆ ದುಡ್ಡು ಕೊಡಿ.