ಸಿಡಿಲಿಗೆ ಲ್ಯಾನ್ ಪೋರ್ಟ್ ಹೋದ ಮೇಲೆ ನೆಟ್‌ವರ್ಕ್ ಬೂಟ್

ಮೇ ತಿಂಗಳ ಗುಡುಗು ಮಳೆ ಮುಗಿದು ಶಾಲೆ ಶುರುವಾಗುವ ಹೊತ್ತಿಗೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಒಂದೇ ಬಗೆಯ ಫೋನು ಬರುತ್ತದೆ. ‘ಸರ್, ಸಿಡಿಲಿಗೆ ಎರಡು ಕಂಪ್ಯೂಟರಿನ ಲ್ಯಾನ್ ಹೋಗಿತ್ತು. ಹೊಸ ಕಾರ್ಡ್ ಹಾಕ್ಸಿದ್ವಿ. ಅಂಗಡೀಲಿ ಇಂಟರ್‌ನೆಟ್ ಬಂತು, ಲ್ಯಾಬಿಗೆ ತಂದ್ರೆ ಬೂಟೇ ಆಗ್ತಿಲ್ಲ.’ ಕಾರ್ಡ್ ಕೆಟ್ಟಿರುವುದಿಲ್ಲ, ಸರ್ವರ್ ಸಹ ಸರಿಯಾಗಿಯೇ ಇರುತ್ತದೆ. ಅಂಗಡಿಯವರು ತಮ್ಮ ಹಾರ್ಡ್ ಡಿಸ್ಕ್ ಸಿಕ್ಕಿಸಿ ನೋಡಿರುತ್ತಾರೆ. ಲ್ಯಾಬಿನ ಯಂತ್ರಗಳಲ್ಲಿ ಡಿಸ್ಕೇ ಇಲ್ಲ, ಅವು ಲ್ಯಾನ್ ಮೂಲಕ ಸರ್ವರಿನಿಂದಲೇ ಬೂಟ್ ಆಗಬೇಕು. ಇದೇ ನೆಟ್‌ವರ್ಕ್ ಬೂಟ್.

ನಮ್ಮ ಕಡೆಯ ಲ್ಯಾಬುಗಳಿಗೆ ಡಿಸ್ಕ್ ಇಲ್ಲದ ವ್ಯವಸ್ಥೆಯೇ ಒಳ್ಳೆಯದು ಎಂದು ನಾನು ಹೇಳುತ್ತಾ ಬಂದಿದ್ದೇನೆ. ಮಳೆಗಾಲದಲ್ಲಿ ಪಾಠದ ನಡುವೆ ಕರೆಂಟು ಹೋದರೆ ಪ್ರತಿ ಯಂತ್ರದ ಡಿಸ್ಕಿನಲ್ಲೂ ಫೈಲುಗಳು ಹಾಳಾಗುವ ಭಯ. ನೆಟ್‌ವರ್ಕ್ ಬೂಟ್ ಇದ್ದರೆ ಒಂದು ಸರ್ವರಿಗೂ ಸ್ವಿಚ್ಚಿಗೂ ಯುಪಿಎಸ್ ಕೊಟ್ಟರೆ ಸಾಕು. ಲಿನಕ್ಸ್ ಬಳಸುವವರಿಗೆ ಎಲ್‌ಟಿಎಸ್‌ಪಿ ಎಂಬ ಉಚಿತ ತಂತ್ರಾಂಶವೇ ಇದೆ. ಆದರೆ ಎಲ್ಲರ ಗಮನವೂ ಸರ್ವರಿನ ಮೇಲೆ. ಕೆಲಸ ಶುರುವಾಗುವುದು ಮಾತ್ರ ಈ ತುದಿಯ ಲ್ಯಾನ್ ಅಡಾಪ್ಟರಿನಿಂದ.

ಪವರ್ ಬಟನ್ ಒತ್ತಿದಾಗ ಅಡಾಪ್ಟರಿನ ಬೂಟ್ ರಾಮ್ (ROM), ಅಂದರೆ ಚಿಪ್ಪಿನಲ್ಲಿ ಕೂತ ಒಂದು ಪುಟ್ಟ ಪ್ರೋಗ್ರಾಂ, ಎಚ್ಚರಾಗಿ ‘ನನಗೊಂದು ಐಪಿ ವಿಳಾಸ ಕೊಡಿ’ ಎಂದು ಇಡೀ ನೆಟ್‌ವರ್ಕಿಗೆ ಕೂಗುತ್ತದೆ. ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್ ವಿಳಾಸದ ಜೊತೆಗೆ, ಯಾವ ಫೈಲನ್ನು ಎಲ್ಲಿಂದ ತರಬೇಕು ಎಂದೂ ಹೇಳುತ್ತದೆ. ಆ ಫೈಲು ಟಿಎಫ್‌ಟಿಪಿ ಎಂಬ ಸರಳ ಫೈಲ್ ಸಾಗಣೆಯ ಮೂಲಕ ಇಳಿಯುತ್ತದೆ. ಇಂಟೆಲ್ ರೂಪಿಸಿದ ಈ ಇಡೀ ಬೂಟ್ ಪದ್ಧತಿಗೆ ಪಿಎಕ್ಸ್‌ಇ ಎಂದು ಹೆಸರು; ಇವತ್ತಿಗೂ ಆಧಾರವಾಗಿರುವ 2.1 ಆವೃತ್ತಿ 1999ರದ್ದು. ಟಿಎಫ್‌ಟಿಪಿ ಇನ್ನೂ ಹಳೆಯದು. ಮೂಲ ರೂಪದಲ್ಲಿ ಅದು 512 ಬೈಟ್ ಕಳಿಸಿ, ‘ತಲುಪಿತು’ ಎಂಬ ಉತ್ತರ ಬಂದ ಮೇಲೆ ಮುಂದಿನ 512 ಕಳಿಸುತ್ತದೆ. ಹಾಗಾಗಿ ಅದರಿಂದ ಸಣ್ಣ ಫೈಲು ಮಾತ್ರ ತರಿಸಿ, ದೊಡ್ಡದನ್ನು ಎಚ್‌ಟಿಟಿಪಿ ಅಥವಾ ಎನ್‌ಎಫ್‌ಎಸ್ ಎಂಬ ವೇಗದ ದಾರಿಯಿಂದ ತರಿಸುವುದು ಜಾಣತನ.

ಹೊಸ ಕಾರ್ಡಿನ ತಕರಾರಿಗೆ ಬರೋಣ. ಮದರ್‌ಬೋರ್ಡಿನಲ್ಲೇ ಇದ್ದ ಲ್ಯಾನಿಗೆ ಬೇಕಾದ ಬೂಟ್ ಪ್ರೋಗ್ರಾಂ ಬಯಾಸಿನೊಳಗೇ, ಅಂದರೆ ಯಂತ್ರವನ್ನು ಎಬ್ಬಿಸುವ ಮದರ್‌ಬೋರ್ಡಿನ ಮೂಲ ತಂತ್ರಾಂಶದೊಳಗೇ, ಕೂತಿರುತ್ತದೆ. ಬೇರೆ ಕಾರ್ಡ್ ಹಾಕಿದಾಗ ಅದು ತನ್ನ ರಾಮ್ ತಾನೇ ತರಬೇಕು. ಅಗ್ಗದ ಕಾರ್ಡುಗಳಲ್ಲಿ ಅದು ಇರುವುದಿಲ್ಲ. ಹಳೆಯ ಪಿಸಿಐ ಕಾರ್ಡ್ ಕೈಗೆತ್ತಿಕೊಂಡು ನೋಡಿ, ಚಿಪ್ಪಿನ ಪಕ್ಕ ಉದ್ದನೆಯ ಖಾಲಿ ಸಾಕೆಟ್ ಕಾಣುತ್ತದೆ. ರಾಮ್ ಕೂರಬೇಕಾದ ಜಾಗ ಅದು. ಯುಇಎಫ್‌ಐ ಎಂಬ ಹೊಸ ಬಗೆಯ ಬಯಾಸ್ ಇರುವ ಯಂತ್ರಗಳಲ್ಲಿ, ಹೊಸ ಕಾರ್ಡಿನ ಚಿಪ್ಪಿಗೆ ಹೊಂದುವ ಡ್ರೈವರ್ ಬಯಾಸಿನಲ್ಲಿ ಮೊದಲೇ ಇದ್ದರೆ ಕೆಲವೊಮ್ಮೆ ನಡೆದುಹೋಗುತ್ತದೆ, ಆದರೆ ಅದನ್ನು ನಂಬಿ ದುಡ್ಡು ಕೊಡಬೇಡಿ. ಕೊಳ್ಳುವಾಗ ‘ಪಿಎಕ್ಸ್‌ಇ ಬೂಟ್ ಆಗುತ್ತಾ, ಯುಇಎಫ್‌ಐನಲ್ಲೂ ಆಗುತ್ತಾ’ ಎಂದು ಕೇಳಿ, ಆಗದಿದ್ದರೆ ವಾಪಸ್ ತಗೋತೀರಾ ಎಂದೂ ಕೇಳಿ.

ಕಾರ್ಡ್ ಆಗಲೇ ಕೊಂಡಾಗಿದ್ದರೆ ಉಪಾಯವಿದೆ. ಐಪಿಎಕ್ಸ್‌ಇ ಎಂಬ ಉಚಿತ ಪ್ರೋಗ್ರಾಮನ್ನು ಹಳೆಯ ಪೆನ್‌ಡ್ರೈವಿಗೆ ಬರೆದು, ಯಂತ್ರದ ಹಿಂಬದಿಯ ಯುಎಸ್‌ಬಿಗೆ ಸಿಕ್ಕಿಸಿ ಅಲ್ಲೇ ಬಿಡಿ. ರಿಯಲ್‌ಟೆಕ್, ಇಂಟೆಲ್ ಚಿಪ್ಪುಗಳ ಡ್ರೈವರ್ ಅದರಲ್ಲೇ ಇರುವುದರಿಂದ ಕಾರ್ಡಿನ ರಾಮ್ ಬೇಕಾಗುವುದಿಲ್ಲ. ನೀವೇ ತಯಾರಿಸಿಕೊಂಡ ಐಪಿಎಕ್ಸ್‌ಇ ಆದರೆ ಸಹಿ ಇಲ್ಲದ ಪ್ರೋಗ್ರಾಮನ್ನು ತಡೆಯುವ ‘ಸೆಕ್ಯೂರ್ ಬೂಟ್’ ಅನ್ನು ಬಯಾಸಿನಲ್ಲಿ ಆಫ್ ಮಾಡಬೇಕಾಗುತ್ತದೆ. ಪೆನ್‌ಡ್ರೈವನ್ನು ಮಕ್ಕಳು ಕಿತ್ತುಕೊಂಡು ಹೋಗದ ಹಾಗೆ ನೋಡಿಕೊಳ್ಳುವುದು ನಿಮಗೆ ಬಿಟ್ಟಿದ್ದು.

ಕಾರ್ಡಿನಲ್ಲಿ ರಾಮ್ ಇದ್ದರೂ ಬಯಾಸಿನಲ್ಲಿ ‘ನೆಟ್‌ವರ್ಕ್ ಸ್ಟ್ಯಾಕ್’ ಆನ್ ಇರಬೇಕು, ಅದರ ಕೆಳಗೆ ‘ಐಪಿವಿ4 ಪಿಎಕ್ಸ್‌ಇ’ ಕೂಡ. ಹಳೆಯ ಬಯಾಸುಗಳಲ್ಲಿ ಇದೇ ‘ಲ್ಯಾನ್ ಬೂಟ್ ರಾಮ್’. ಸಿಡಿಲು ಹೊಡೆದ ಹಳೆಯ ಲ್ಯಾನನ್ನು ಅಲ್ಲೇ ಡಿಸೇಬಲ್ ಮಾಡಿಬಿಡಿ, ಇಲ್ಲದಿದ್ದರೆ ಸತ್ತ ಪೋರ್ಟಿನ ಮುಂದೆ ಯಂತ್ರ ಸುಮ್ಮನೆ ಕಾಯುತ್ತಾ ಕೂರಬಹುದು.

ಇಷ್ಟಾದರೂ ಬೂಟ್ ಆಗದಿದ್ದರೆ ಸ್ಕ್ರೀನಿನ ಸಂದೇಶ ಓದಿ. ಹೆಚ್ಚಿನವರು ಓದುವುದೇ ಇಲ್ಲ, ಫೋಟೋ ತೆಗೆದು ಕಳಿಸುತ್ತಾರೆ. ‘ಇ61’ ಎಂದರೆ ಕೇಬಲ್ಲಿನ ಸಂಪರ್ಕವೇ ಇಲ್ಲ. ‘ಇ51’ ಬಂದರೆ ಕೂಗಿಗೆ ಯಾವ ಡಿಎಚ್‌ಸಿಪಿಯೂ ಓಗೊಡಲಿಲ್ಲ. ‘ಇ53’ ಆದರೆ ವಿಳಾಸ ಸಿಕ್ಕಿತು, ಫೈಲಿನ ಹೆಸರು ಸಿಗಲಿಲ್ಲ. ‘ಇ32’ ಎಂದರೆ ಹೆಸರು ಸಿಕ್ಕಿದರೂ ಟಿಎಫ್‌ಟಿಪಿ ಉತ್ತರಿಸಲಿಲ್ಲ. ಸರ್ವರಿನ ಫೈರ್‌ವಾಲಿನಲ್ಲಿ ಟಿಎಫ್‌ಟಿಪಿ ಬಳಸುವ ಯುಡಿಪಿ 69ನೇ ಪೋರ್ಟ್ ಮುಚ್ಚಿದೆಯೇ ನೋಡಿ.

ಶಾಲೆಗಳಲ್ಲಿ ಹೆಚ್ಚು ಕಾಣುವುದು ಇ53. ಇಂಟರ್‌ನೆಟ್ ಮೋಡೆಮ್ ತಾನೇ ವಿಳಾಸ ಹಂಚುತ್ತದೆ, ಬೂಟ್ ಫೈಲಿನ ಸುದ್ದಿ ಅದಕ್ಕೆ ಗೊತ್ತಿಲ್ಲ. ಇನ್ನೊಂದು ಡಿಎಚ್‌ಸಿಪಿ ಇಟ್ಟು ಜಗಳ ಹಚ್ಚಬೇಡಿ. ಡಿಎನ್‌ಎಸ್‌ಮಾಸ್ಕ್ ತಂತ್ರಾಂಶವನ್ನು ಪ್ರಾಕ್ಸಿ ರೀತಿಯಲ್ಲಿ ಓಡಿಸಿದರೆ ವಿಳಾಸವನ್ನು ಮೋಡೆಮ್ ಕೊಡುತ್ತದೆ, ಫೈಲಿನ ಹೆಸರನ್ನಷ್ಟೇ ಇದು ಹೇಳುತ್ತದೆ. ಹಳೆಯ ಬಯಾಸ್ ಯಂತ್ರಕ್ಕೂ ಯುಇಎಫ್‌ಐ ಯಂತ್ರಕ್ಕೂ ಫೈಲು ಬೇರೆ ಬೇರೆ. ಯಂತ್ರ ತನ್ನ ಜಾತಿಯನ್ನು ಡಿಎಚ್‌ಸಿಪಿಯ 93ನೇ ಆಪ್ಷನ್ನಿನಲ್ಲಿ ಹೇಳುತ್ತದೆ: 0 ಇದ್ದರೆ ಬಯಾಸ್, 7 ಇದ್ದರೆ 64 ಬಿಟ್ ಯುಇಎಫ್‌ಐ. ಅದನ್ನು ನೋಡಿ ಫೈಲು ಕೊಡುವಂತೆ ಬರೆದಿಡಬೇಕು.

ಬೂಟ್ ಆಗುತ್ತದೆ, ಆದರೆ ಆಮೆವೇಗ ಎನ್ನುವವರು ಮೊದಲು ಕೇಬಲ್ಲಿನ ಪ್ಲಗ್ ಕಿತ್ತು ಬೆಳಕಿಗೆ ಹಿಡಿಯಿರಿ. ಆಷಾಢದ ಶೀತಕ್ಕೆ ಪಿನ್ನುಗಳ ಮೇಲೆ ಹಸಿರು ಕಿಲುಬು ಹಿಡಿದಿರುತ್ತದೆ. ಗಿಗಾಬಿಟ್ ವೇಗಕ್ಕೆ ನಾಲ್ಕೂ ಜೋಡಿ ತಂತಿ ಬೇಕು, 100 ಮೆಗಾಬಿಟ್‌ಗೆ ಎರಡೇ ಸಾಕು. ಒಂದು ಪಿನ್ ಕೈಕೊಟ್ಟರೂ ಯಂತ್ರ ಸದ್ದಿಲ್ಲದೆ 100ಕ್ಕೆ ಇಳಿಯಬಹುದು. ಕಿಲುಬು ಕೆರೆಯುತ್ತಾ ಕೂರುವ ಬದಲು ಆ ತುದಿ ಕತ್ತರಿಸಿ ಹೊಸ ಪ್ಲಗ್ ಕ್ರಿಂಪ್ ಮಾಡಿಸಿ.

ಇನ್ನು ಸಿಡಿಲು. ಸಂಜೆ ಗುಡುಗಿದ ಕೂಡಲೇ ಟಿವಿಯ ಡಿಶ್ ವೈರ್ ಕಳಚುವ ನಾವು ಲ್ಯಾಬಿನ ಲ್ಯಾನ್ ವೈರನ್ನು ಹಾಗೇ ಬಿಟ್ಟು ಬರುತ್ತೇವೆ. ಆಫೀಸು ಕಟ್ಟಡದಿಂದ ಲ್ಯಾಬಿಗೆ ಅಂಗಳ ದಾಟಿ ಎಳೆದ ತಾಮ್ರದ ಕೇಬಲ್ ಇದ್ದರೆ, ಅದರ ಬದಲು ವಿದ್ಯುತ್ ಹರಿಯದ ಫೈಬರ್ ಹಾಕಿಸಿ. ಹೊಸ ಕಾರ್ಡ್ ಹಾಕಿದ ದಿನ ಅದರ ಮ್ಯಾಕ್ ವಿಳಾಸವನ್ನು, ಅಂದರೆ ಕಾರ್ಡಿನ ಸ್ವಂತ ನಂಬರನ್ನು, ಸರ್ವರಿನ ಪಟ್ಟಿಯಲ್ಲಿ ತಿದ್ದಿ. ಹಳೆಯ ನಂಬರಿಗೇ ಬೂಟ್ ಕಟ್ಟಿಹಾಕಿದ್ದರೆ ಹೊಸ ಕಾರ್ಡನ್ನು ಸರ್ವರ್ ಗುರುತಿಸುವುದಿಲ್ಲ.