ಐಸ್ ಕರಗಿದ ಸದ್ದು

ಒಂದು ಮೋಟೆಲ್ ಕೋಣೆ. ಈಚೆ ಕಪ್ಪು ಜನಾಂಗದ ಪಿಯಾನೋ ವಾದಕ ಡ್ಯಾರಿಲ್ ಡೇವಿಸ್. ಆಚೆ ಅಮೆರಿಕದ ಮೇರಿಲ್ಯಾಂಡ್‌ನ ಕು ಕ್ಲಕ್ಸ್ ಕ್ಲಾನ್ ನಾಯಕ ರೋಜರ್ ಕೆಲ್ಲಿ. ಬಿಳಿಯರೇ ಮೇಲು ಎನ್ನುವ ಸಂಘಟನೆ ಅದು. ಕೆಲ್ಲಿ ಪಕ್ಕದಲ್ಲಿ ಬಂದೂಕು ಹಿಡಿದ ಅಂಗರಕ್ಷಕ. ಮಾತಿನ ನಡುವೆ ಇದ್ದಕ್ಕಿದ್ದಂತೆ ಏನೋ ಸದ್ದಾಯಿತು. ಡೇವಿಸ್ ಧಡಕ್ಕನೆ ಎದ್ದರು. ಅಂಗರಕ್ಷಕನ ಕೈ ಬಂದೂಕಿನತ್ತ ಹೋಯಿತು. ಆಚೆಯವರೇ ಏನೋ ಮಾಡಿದರು ಅಂತ ಎರಡೂ ಕಡೆ ಗುಮಾನಿ. ಡೇವಿಸ್ ಅವರ ಕಾರ್ಯದರ್ಶಿಗೆ ಮಾತ್ರ ಗೊತ್ತಾಯಿತು: ಬಕೆಟ್‌ನಲ್ಲಿ ಐಸ್ ಕರಗಿ ತಂಪು ಪಾನೀಯದ ಡಬ್ಬಿಗಳು ಜಾರಿದ್ದವು, ಅಷ್ಟೆ. ಎಲ್ಲರೂ ನಕ್ಕುಬಿಟ್ಟರು.

ಡೇವಿಸ್ ಕೇಳುತ್ತಿದ್ದದ್ದು ಒಂದೇ: ನನ್ನ ಪರಿಚಯವೇ ಇಲ್ಲದೆ ನನ್ನನ್ನು ಹೇಗೆ ದ್ವೇಷಿಸುತ್ತೀರಿ? ಒಡನಾಟ ವರ್ಷಗಟ್ಟಲೆ ನಡೆಯಿತು. ಕೊನೆಗೆ ಕೆಲ್ಲಿ ಕ್ಲಾನ್ ಬಿಟ್ಟರು, ಕ್ಲಾನ್‌ನವರು ತೊಡುವ ತಮ್ಮ ನಿಲುವಂಗಿಯನ್ನು ಡೇವಿಸ್ ಕೈಗೇ ಕೊಟ್ಟರು.

ಹೀಗೆ ಮಾತಾಡಿದರೆ ದ್ವೇಷ ಕರಗುತ್ತದೆ ಎನ್ನಲು ಇಂಥ ಒಂದು ಕಥೆ ವಿಜ್ಞಾನಕ್ಕೆ ಸಾಲದು, ಅಲ್ವಾ? ಸಂಶೋಧಕರಾದ ಡೇವಿಡ್ ಬ್ರೂಕ್‌ಮನ್ ಮತ್ತು ಜೋಶುವಾ ಕಲ್ಲಾ ಅಮೆರಿಕದ ಮಯಾಮಿಯ 501 ಮತದಾರರ ಮೇಲೆ ಪ್ರಯೋಗ ಮಾಡಿ 2016ರಲ್ಲಿ ಪ್ರಕಟಿಸಿದರು. ವಿಷಯ ಟ್ರಾನ್ಸ್‌ಜೆಂಡರ್ ಜನರ ಬಗೆಗಿನ ಪೂರ್ವಗ್ರಹ. ಸ್ವಯಂಸೇವಕರು ಮನೆಬಾಗಿಲಿಗೆ ಹೋಗಿ ಸುಮಾರು 10 ನಿಮಿಷ ಮಾತಾಡಿದರು. ಭಾಷಣ ಬಿಗಿಯಲಿಲ್ಲ. 'ನೀವು ಬೇರೆ ಥರ ಅಂತ ಯಾರಾದರೂ ನಿಮ್ಮನ್ನು ಹೀಗಳೆದಿದ್ದರಾ?' ಎಂಬಂತೆ ಕೇಳಿ, ಹೇಳಿದ್ದನ್ನು ಕೇಳಿಸಿಕೊಂಡರು. ಪೂರ್ವಗ್ರಹ ತಗ್ಗಿತು, ಕನಿಷ್ಠ 3 ತಿಂಗಳು ಹಾಗೇ ಉಳಿಯಿತು. 2020ರಲ್ಲಿ ಅವರು ಪ್ರಕಟಿಸಿದ ಇನ್ನೊಂದು ಅಧ್ಯಯನ ನನಗೆ ಜಾಸ್ತಿ ಮುಖ್ಯ. ಅನುಭವ ಹಂಚಿಕೊಳ್ಳುವ ಭಾಗ ತೆಗೆದು ಬರೀ ವಾದ ಮುಂದಿಟ್ಟಾಗ ಏನೂ ಬದಲಾಗಲಿಲ್ಲ.

ನಂಬಿಕೆ ಅಂದರೆ ಸುಮ್ನೆ ಮಾಹಿತಿಯಲ್ಲ. ನಾನು ಯಾರು, ನನ್ನವರು ಯಾರು ಎಂಬುದೂ ಅದರಲ್ಲಿ ಸೇರಿರುತ್ತದೆ. ಅದನ್ನು ಕೆಣಕಿದರೆ ಮನಸ್ಸು ಕಾವಲಿಗೆ ನಿಲ್ಲುತ್ತದೆ. ಕೂತು ಕೇಳಿಸಿಕೊಂಡರೆ ಆ ಕಾವಲು ಸಡಿಲವಾಗುತ್ತದೆ. ಆದರೆ ದ್ವೇಷಕ್ಕೆ ಗುರಿಯಾದವರೇ ಹೋಗಿ ಹೀಗೆ ಮಾತಾಡಿಸಲಿ ಅಂತ ಒತ್ತಾಯಿಸುವುದು ತಪ್ಪು. ಆ ಕೋಣೆಯಲ್ಲಿ ಬಂದೂಕು ಇತ್ತು ಎಂಬುದನ್ನು ಮರೆಯಬಾರದು.

ಒಬ್ಬರ ಮೇಲೆ ಹುಟ್ಟಿದ ವಿಶ್ವಾಸ ಉಳಿದವರಿಗೂ ಹಬ್ಬುತ್ತದಾ? ಸಂಶೋಧಕಿ ಸಲ್ಮಾ ಮೂಸಾ ಇರಾಕ್‌ನಲ್ಲಿ ಇಸ್ಲಾಮಿಕ್ ಸ್ಟೇಟ್ (ಐಎಸ್) ಉಗ್ರರ ದಾಳಿಯಿಂದ ಮನೆ ಕಳೆದುಕೊಂಡ ಕ್ರೈಸ್ತರ ಫುಟ್‌ಬಾಲ್ ತಂಡಗಳಿಗೆ ಮುಸ್ಲಿಂ ಆಟಗಾರರನ್ನು ಸೇರಿಸಿ ನೋಡಿದರು. ಆರು ತಿಂಗಳಾದ ಮೇಲೂ ಕ್ರೈಸ್ತ ಆಟಗಾರರು ಮುಸ್ಲಿಮರ ಜೊತೆ ಅಭ್ಯಾಸಕ್ಕೆ ಬರುತ್ತಿದ್ದರು. ಆದರೆ ಮುಸ್ಲಿಮರೇ ಹೆಚ್ಚಿರುವ ಮೊಸೂಲ್‌ಗೆ ಹೋಗಿ ಹೋಟೆಲಿನಲ್ಲಿ ಊಟ ಮಾಡಿ ಬರುವಷ್ಟು ಮನಸ್ಸು ಇನ್ನೂ ತೆರೆದುಕೊಂಡಿರಲಿಲ್ಲ.